ಮೈಕಿಗೂ ಗಿಟಾರಿಗೂ ನಡುವೆ

ಬೆಂಗಳೂರಿನ ಒಂದು ಹೆಸರಾಂತ ಜಾನಪದ ರಾಕ್ ಬ್ಯಾಂಡಿನ ಜೊತೆ ನಾನು ಒಂಬತ್ತು ವರ್ಷದಿಂದ ಊರೂರು ಸುತ್ತುತ್ತಿದ್ದೇನೆ. ಗಿಟಾರಿಗೆ ತಂತಿ ಹಾಕುವುದು, ಶ್ರುತಿ ಮಾಡುವುದು, ಹಾಡಿನ ನಡುವೆ ತಂತಿ ಕಿತ್ತರೆ ಇನ್ನೊಂದು ಗಿಟಾರ್ ಹಿಡಿದು ಓಡುವುದು ನನ್ನ ಕೆಲಸ. ಏಸಿ ಬಸ್ಸಿನಿಂದ ಇಳಿಸಿದ ಗಿಟಾರ್ ಬಿಸಿ ವೇದಿಕೆ ಮೇಲೆ ಶ್ರುತಿ ಬಿಡುತ್ತದೆ. ಅದಕ್ಕೇ ಒಂದು ಗಂಟೆ ಮೊದಲೇ ಪೆಟ್ಟಿಗೆಯಿಂದ ಹೊರಗೆ ತೆಗೆದಿಡುತ್ತೇನೆ. ಇದೆಲ್ಲ ಆರು ತಿಂಗಳಲ್ಲಿ ಕಲಿತೆ. ಅರ್ಥಿಂಗ್, ಅಂದರೆ ಸೋರಿದ ಕರೆಂಟು ನೆಲಕ್ಕೆ ಹೋಗುವ ದಾರಿ ಸರಿ ಇದೆಯಾ ಅಂತ ನೋಡುವುದನ್ನು ಕಲಿಯೋಕೆ ಜಾಸ್ತಿ ದಿನ ಬೇಕಾಯಿತು.

ಗಿಟಾರಿನ ತಂತಿ ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತದೆ. ಗಾಯಕರ ತುಟಿ ತಾಗುವ ಮೈಕಿನ ಜಾಲರಿ ಸೌಂಡ್ ಮಿಕ್ಸರಿನ ಅರ್ಥಿಗೆ ಸೇರಿರುತ್ತದೆ. ಎರಡೂ ಕಡೆ ಅರ್ಥ್ ಸರಿ ಇದ್ದರೆ ಭಯವಿಲ್ಲ. ಒಂದು ಕಡೆ ಇಲ್ಲದಿದ್ದರೆ ನಡುವೆ ನಿಂತವರ ಮೈಯೇ ವೈರ್ ಆಗುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ಸರಿಯಾಗಿ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು.

ಗೊತ್ತಿದ್ದೂ ಜನ ಯಾಕೆ ಅರ್ಥ್ ತೆಗೆಯುತ್ತಾರೆ ಅಂದ್ರೆ, ಸ್ಪೀಕರಿನಲ್ಲಿ 'ಗುಂಯ್' ಅಂತ 50 ಹರ್ಟ್ಜ್ ಸದ್ದು ಬರುತ್ತದೆ. ಪ್ಲಗ್ಗಿನ ಮೂರನೇ ಪಿನ್ನು, ಅಂದರೆ ಅರ್ಥಿನ ಪಿನ್ನು, ಕಿತ್ತರೆ ಸದ್ದು ಎಷ್ಟೋ ಸಲ ನಿಂತುಬಿಡುತ್ತದೆ. ಎಲ್ಲರಿಗೂ ಖುಷಿ. ಸದ್ದು ನಿಲ್ಲಿಸೋಕೆ ಗಿಟಾರಿನ ಸದ್ದನ್ನು ಮಿಕ್ಸರಿಗೆ ಕಳಿಸುವ ಡಿಐ ಬಾಕ್ಸಿನಲ್ಲಿ ಬೇರೆ ಸ್ವಿಚ್ಚೇ ಇದೆ, ಎಷ್ಟೋ ಸಲ ಅದನ್ನು ಒತ್ತಿದರೆ ಸಾಕು. ಪಿನ್ನು ಕೀಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹುಬ್ಬಳ್ಳಿ ಕಡೆ ಒಂದು ಕಾಲೇಜು ಮೈದಾನದಲ್ಲಿ ಕಾರ್ಯಕ್ರಮ. ವೇದಿಕೆಗೆ ಜನರೇಟರಿನ ಕರೆಂಟು, ಮಧ್ಯಾಹ್ನ ಮಳೆ ಬಂದು ಹಲಗೆಯೆಲ್ಲ ಒದ್ದೆ. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರಿನ ತಂತಿಗೆ ಹಿಡಿದೆ. 108 ವೋಲ್ಟ್.

"ಏನೂ ಆಗಂಗಿಲ್ಲ ಬಿಡ್ರಿ ಸರ, ಸ್ವಲ್ಪ ಜುಮ್ ಅಂತೈತಿ ಅಷ್ಟ" ಅಂದರು ಜನರೇಟರಿನವರು. ಸಣ್ಣ ಸೋರಿಕೆಯಾದರೆ ಜುಮ್ ಅನ್ನುತ್ತದೆ, ನಿಜ. ಆಂಪ್ಲಿಫೈಯರ್ ಒಳಗೆ ಲೈವ್ ವೈರ್ ಕಿತ್ತು ಅದರ ಲೋಹದ ಮೈಗೆ ತಾಗಿದ್ದರೆ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ನಾನು ಗಿಟಾರ್ ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದು ಕೂತೆ.

ನೋಡಿದರೆ ಜನರೇಟರಿಗೆ ಅರ್ಥ್ ರಾಡೇ, ಅಂದರೆ ನೆಲಕ್ಕೆ ಹೊಡೆಯುವ ಲೋಹದ ಸಲಾಕೆಯೇ, ಹೊಡೆದಿರಲಿಲ್ಲ. ನಮ್ಮ ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೇ ಪಿನ್ನೂ ಇಲ್ಲ. ಹೊಸ ಬೋರ್ಡ್ ತರಿಸಿ, ರಾಡ್ ಹೊಡೆಸಿ, ಅದರ ಬುಡಕ್ಕೆ ಎರಡು ಕೊಡ ಉಪ್ಪು ನೀರು ಸುರಿಸಿದೆವು. ನಲವತ್ತು ನಿಮಿಷ ತಡ. ಹುಡುಗರು ಶಿಳ್ಳೆ ಹೊಡೆದು ಕೂಗುತ್ತಿದ್ದರು, ಆಯೋಜಕರು ಬೈಯುತ್ತಿದ್ದರು. ಮತ್ತೆ ಮೀಟರ್ ಹಿಡಿದಾಗ ಅರ್ಧ ವೋಲ್ಟೂ ಇರಲಿಲ್ಲ. ಆಮೇಲೆ ಶರೀಫರ ತತ್ವಪದ ಶುರುವಾಯಿತು. ಮೈದಾನ ಪೂರ್ತಿ ದನಿಗೂಡಿಸಿತು.

ಈಗ ಪ್ರತಿ ಸೌಂಡ್ ಚೆಕ್‌ಗೂ ಮೊದಲು ಗಾಯಕರೇ ನನ್ನ ಹತ್ತಿರ ಬರುತ್ತಾರೆ. "ಎಷ್ಟಿದೆ ಮಗಾ?" ಅಂತಾರೆ. "ಸೊನ್ನೆ ಅಣ್ಣ" ಅಂದ ಮೇಲಷ್ಟೇ ಮೈಕಿನ ಮುಂದೆ ಹೋಗಿ ನಿಲ್ಲುತ್ತಾರೆ.