ಕೋವಿ ಕೊಟ್ಟಾಯ್ತು, ಪಟ್ಟಿಯಿಂದ ಹೆಸರು ತೆಗೆಸಿದ್ದು ಹೀಗೆ

ಕೊಡಗಿನ ನಮ್ಮ ಮನೆಯಲ್ಲಿ ಈಗ ಕೋವಿ ಇಲ್ಲ. ಬಾಯಲ್ಲಿ ಹೇಳಿದರೆ ಒಂದು ಮಾತು. ಕಾಗದದಲ್ಲಿ ತೋರಿಸುವುದಕ್ಕೆ ನನಗೆ ಎರಡು ವರ್ಷದ ಹತ್ತಿರ ಹಿಡಿಯಿತು. "ಒಮ್ಮೆ ಠಾಣೆಯ ಪುಸ್ತಕದಲ್ಲಿ ಹೆಸರು ಹತ್ತಿದರೆ ಅದು ಇಳಿಯೋದಿಲ್ಲ, ಸುಮ್ನೆ ಬಿಡು" ಎಂದು ನಮ್ಮ ಒಕ್ಕದ, ಅಂದರೆ ಮನೆತನದ, ಹಿರಿಯರು ಹೇಳಿದರು. ಹಣ ತೆಗೆದುಕೊಂಡ ವಕೀಲರೂ ಕೊನೆಗೆ ಅದನ್ನೇ ಹೇಳಿದರು. ಇಳಿಯಿತು. ಕಚೇರಿ ಬರೆದುಕೊಟ್ಟ ಹಿಂಬರಹ ನನ್ನ ಬೀರುವಿನಲ್ಲಿದೆ.

ಅಪ್ಪನ ಹೆಸರಿನಲ್ಲಿ ಎರಡು ಕೋವಿ ಇದ್ದವು. ಒಂದು ಜೋಡಿ ನಳಿಗೆಯ ತೋಟೆ ಕೋವಿ, ಇನ್ನೊಂದು ಅಜ್ಜನ ಕಾಲದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಎರಡೂ ವಿನಾಯಿತಿ ಪತ್ರದ ಮೇಲೆ, ಅಂದರೆ ಕೊಡವರು ಲೈಸೆನ್ಸ್ ಇಲ್ಲದೆ ಕೋವಿ ಇಡಲು ಸರ್ಕಾರ ಕೊಟ್ಟ ಅನುಮತಿಯ ಮೇಲೆ ಇದ್ದವು. 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ, ಹಾಗಿದ್ದೂ ಯಾಕೆ ಕೊಟ್ಟೆ ಎಂದು ಕೇಳದವರಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮಳೆಗಾಲದಲ್ಲಿ ನಾವೂ ಅಲ್ಲೇ. ಬೀಗ ಹಾಕಿದ ಮನೆಯಲ್ಲಿ ಕೋವಿ ಇಡುವುದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಳುವಾದರೆ ಉತ್ತರ ಹೇಳಬೇಕಾದವರು ನಾವೇ ಅಲ್ವಾ? ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಲು ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿ ದೊಡ್ಡಪ್ಪನ ಮಗ ಅಣ್ಣನ ಕೋವಿ ಇದೆ. ಅದು ಸಾಕು.

ಅಪ್ಪ ತೀರಿಕೊಂಡ ಮೇಲೆ ಜೋಡಿ ನಳಿಗೆಯನ್ನು ಮೈಸೂರಿನ ಲೈಸೆನ್ಸ್ ಇರುವ ಡೀಲರ್ ಒಬ್ಬರಿಗೆ ಕೊಟ್ಟೆ. ಐದಾರು ಸಾವಿರ ಬಂದಿರಬೇಕು. ಕೇಪಿನ ಕೋವಿಗೆ ಯಾರೂ ದುಡ್ಡು ಕೊಡಲಿಲ್ಲ, ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದೆ. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ ಮುಂಚೆ ಠಾಣೆಯಿಂದ ಫೋನ್ ಬಂತು. "ಎರಡು ಕೋವಿ ಠೇವಣಿ ಇಡಬೇಕು ಸಾರ್." ಕೊಟ್ಟಾಯ್ತಲ್ಲಪ್ಪ ಎಂದೆ. "ಇರಬಹುದು ಸಾರ್, ನಮ್ಮ ಲಿಸ್ಟಲ್ಲಿ ಇನ್ನೂ ಇದೆ." 2024ರ ಏಪ್ರಿಲ್‌ನಲ್ಲಿ ಲೋಕಸಭೆಗೆ ಮತ್ತೆ ಅದೇ ಮಾತು, ಈ ಸಲ ಮನೆಗೇ ಬಂದರು.

ಗಂಟು ಇದ್ದದ್ದು ರಸೀದಿಯಲ್ಲಿ. ಅದರಲ್ಲಿ "ಠೇವಣಿ" ಎಂದು ಬರೆದಿತ್ತು. ಚುನಾವಣೆಗೆ ಇಟ್ಟು ಮತ್ತೆ ತರುವುದಕ್ಕೂ ಅದೇ ಪದ, ಅದೇ ಪುಸ್ತಕ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಠೇವಣಿ ಇಟ್ಟ ಮಾತ್ರಕ್ಕೆ ಕೋವಿ ಕೈಬಿಟ್ಟು ಹೋಗುವುದಿಲ್ಲ. ವಾಪಸ್ ಪಡೆಯುವ, ಮಾರುವ ಹಕ್ಕು ನಿಗದಿತ ಅವಧಿ ಮುಗಿಯುವವರೆಗೆ ಇರುತ್ತದೆ. ಆಮೇಲೆ ಜಿಲ್ಲಾ ದಂಡಾಧಿಕಾರಿಗಳ, ಅಂದರೆ ಜಿಲ್ಲಾಧಿಕಾರಿಗಳ, ಆದೇಶದಿಂದ ಅದು ಸರ್ಕಾರಕ್ಕೆ ಮುಟ್ಟುಗೋಲು ಆಗಬೇಕು. ಆ ಆದೇಶ ಕೈಗೆ ಬರುವವರೆಗೆ ಪುಸ್ತಕದ ಲೆಕ್ಕದಲ್ಲಿ ಕೋವಿ ನಿಮ್ಮದೇ.

ಮೊದಲು ಅಫಿಡವಿಟ್ ಮಾಡಿಸಿದೆ. ಇ-ಸ್ಟಾಂಪ್ ಮುಂಚೆ 20 ರೂಪಾಯಿ ಇತ್ತು, 2024ರಿಂದ 100. ನೋಟರಿ, ಟೈಪಿಂಗ್ ಎಲ್ಲ ಸೇರಿ ಐನೂರರ ಮೇಲೆ ಹೋಯಿತು. "ಇದು ನಿಮ್ಮ ಮಾತು, ನಮ್ಮ ದಾಖಲೆ ಅಲ್ಲ" ಎಂದು ಕಚೇರಿಯಲ್ಲಿ ಪಕ್ಕಕ್ಕೆ ಇಟ್ಟರು. ಆಮೇಲೆ ವಕೀಲರ ನೋಟಿಸ್. ಆರೇಳು ಸಾವಿರ. ಉತ್ತರವೇ ಬರಲಿಲ್ಲ. ನಂತರ "ನನ್ನ ಬಳಿ ಯಾವುದೇ ಕೋವಿ ಇಲ್ಲವೆಂದು ದೃಢೀಕರಿಸಿ ಕೊಡಿ" ಎಂದು ಅರ್ಜಿ ಹಾಕಿದೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗಿ ತಿರುಗಿ ಅದು ಅಲ್ಲೇ ನಿಂತಿತು. ಯಾಕೆಂದು ಒಬ್ಬ ಹಳೇ ಗುಮಾಸ್ತರು ಬಿಡಿಸಿ ಹೇಳಿದರು. "ಇಲ್ಲ ಅಂತ ಯಾರು ಸಾರ್ ಸಹಿ ಹಾಕ್ತಾರೆ? ನಾಳೆ ನಿಮ್ಮ ಅಟ್ಟದಲ್ಲಿ ಒಂದು ಸಿಕ್ಕಿದರೆ ಸಹಿ ಹಾಕಿದವನ ಗತಿ ಏನು?"

ಆ ಮಾತಿನಿಂದ ದಾರಿ ತೆರೆಯಿತು. ಮನುಷ್ಯನ ಹೆಸರು ಬಿಟ್ಟು ಕೋವಿಯ ನಂಬರ್ ಹಿಡಿದೆ. "ಇಲ್ಲ" ಎಂಬ ಪತ್ರ ಕೇಳುವುದನ್ನು ನಿಲ್ಲಿಸಿದೆ. ಈ ನಂಬರಿನ ಕೋವಿ ಯಾವ ದಿನ, ಯಾವ ಪುಸ್ತಕದ ಯಾವ ಪುಟದಲ್ಲಿ, ಯಾರ ಕೈಗೆ ಹೋಯಿತು ಎಂಬ ಪುಟದ ದೃಢೀಕೃತ ನಕಲು ಕೇಳಿದೆ. ಇರುವ ಪುಟದ ನಕಲು ಕೊಡಲು ಯಾರಿಗೂ ಭಯ ಇಲ್ಲ.

ನಕಲಿಗೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಎರಡು ಕೋವಿ ಸೇರಿಸಿ ಬರೆದದ್ದು ಅದೇ ಕಾರಣಕ್ಕೆ ವಾಪಸ್ ಬಂತು. ಕೋವಿಗೊಂದು ಅರ್ಜಿ ಮಾಡಿದೆ. 30 ದಿನ ಕಳೆದರೂ ಒಂದಕ್ಕೆ ಉತ್ತರ ಇಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ವಾರದೊಳಗೆ ಬಂತು. ಡೀಲರ್ ಬಿಲ್ ಮತ್ತು ಅವರ ಸ್ಟಾಕ್ ಪುಸ್ತಕದ ಪುಟ ಸುಲಭವಾಗಿ ಸಿಕ್ಕಿತು, ಜೋಡಿ ನಳಿಗೆಯ ಕಥೆ ಅಲ್ಲಿಗೆ ಮುಗಿಯಿತು.

ಕೇಪಿನ ಕೋವಿ ಕಾಡಿತು. ವಿನಾಯಿತಿ ಪತ್ರದಲ್ಲಿ ನಂಬರಿನ ಕೊನೆಯ ಅಂಕಿ 7, ಠಾಣೆಯ ಪುಸ್ತಕದಲ್ಲಿ 1. ದಾಖಲೆಯ ಕಣ್ಣಿಗೆ ಇವು ಎರಡು ಬೇರೆ ಕೋವಿ. ಒಂದು ಕೊಟ್ಟಿದ್ದಾರೆ, ಇನ್ನೊಂದು ಮನೆಯಲ್ಲೇ ಇದೆ! ಕೋವಿ ಇನ್ನೂ ಠಾಣೆಯ ಕೋಣೆಯಲ್ಲೇ ಇದ್ದದ್ದು ಪುಣ್ಯ. ಆದರೆ ತುಕ್ಕು ಹಿಡಿದು ಅಂಕಿ ಕಾಣುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಪ್ರಯೋಗ ಮಾಡಿದೆ. ಅಣ್ಣನ ಹಳೇ ಕೋವಿಯ ಮೇಲೆ ಮೊದಲು ಪರೀಕ್ಷೆ. ಪೇಪರಿಟ್ಟು ಪೆನ್ಸಿಲ್ ಉಜ್ಜಿದೆ, ತುಕ್ಕಿನ ಗುಳಿಗಳೂ ಮೂಡಿ ಎಲ್ಲ ಕಲಸಿಹೋಯಿತು. ಅಕ್ಕಿಹಿಟ್ಟು ನಿಲ್ಲಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಸೀಮೆಸುಣ್ಣದ ಪುಡಿ ತಿಕ್ಕಿ, ಮೇಲಿನದನ್ನು ಹೆಬ್ಬೆರಳಿನಿಂದ ತೆಗೆದರೆ ಅಂಕಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಟಾರ್ಚ್ ಬೆಳಕು ಅಡ್ಡಕ್ಕೆ ಬೀಳಬೇಕು, ನೇರ ಬಿದ್ದರೆ ಏನೂ ಕಾಣದು. ಮರದ ಹಿಡಿಗೆ ಸೀಮೆಎಣ್ಣೆ ತಾಗಿಸಬೇಡಿ. ಉಕ್ಕಿನ ಬ್ರಷ್, ಉಪ್ಪುಕಾಗದ ಖಂಡಿತ ಬೇಡ, ನಂಬರ್ ಅಳಿಸಿದ ಆರೋಪ ಬರುತ್ತದೆ. ಠಾಣೆಯ ಪುಸ್ತಕ ಬರೆಯುವ ಸ್ಟೇಷನ್ ರೈಟರ್ ಎದುರೇ, ಅವರ ಅನುಮತಿ ಪಡೆದು ಮಾಡಿದೆ. 7 ಎದ್ದು ಬಂತು. ಅವರೇ ಫೋಟೋ ತೆಗೆದು, ಪುಸ್ತಕದಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದರು. ತುಂಬ ಸಭ್ಯ ಮನುಷ್ಯ. ತಿದ್ದುಪಡಿಯ ಟಿಪ್ಪಣಿಯನ್ನು ಯಾವ ಮಾತಿನಲ್ಲಿ ಬರೆಸಿದೆ ಎಂಬುದನ್ನು ಇಲ್ಲಿ ಹಾಕುವುದಿಲ್ಲ. ಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಹೇಳುತ್ತೇನೆ.

ಆಮೇಲಿನದು ಬೇಗ ಆಯಿತು. ಒಂದೇ ಪುಟದ ಅರ್ಜಿ, ಅದರಲ್ಲಿ ಎರಡು ಸಾಲಿನ ಪಟ್ಟಿ: ನಂಬರ್, ಕೊಟ್ಟ ದಿನ, ಪುಸ್ತಕದ ಪುಟ. ಜೊತೆಗೆ ಅಪ್ಪನ ಮರಣ ಪತ್ರ, ವಂಶವೃಕ್ಷ, ತಮ್ಮ ಮತ್ತು ತಂಗಿಯ ಒಪ್ಪಿಗೆ. ಕೇಳಿದ್ದು ಎರಡೇ, ಕೇಪಿನ ಕೋವಿಗೆ ಮುಟ್ಟುಗೋಲು ಆದೇಶ, ವಿನಾಯಿತಿ ಪತ್ರದ ರದ್ದತಿ. ಮೂಲ ಪತ್ರ ಒಪ್ಪಿಸುವ ಮೊದಲು ಅದರ ದೃಢೀಕೃತ ನಕಲು ಇಟ್ಟುಕೊಂಡೆ. ಜಿಲ್ಲಾಧಿಕಾರಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಮೂರ್ನಾಲ್ಕು ತಿಂಗಳಲ್ಲಿ ಹಿಂಬರಹ ಕೈಗೆ ಬಂತು. ಅದರ ನಕಲನ್ನು ಠಾಣೆಗೆ ನಾನೇ ಒಯ್ದು ಕೊಟ್ಟು, ಅವರ ಪಟ್ಟಿಯಲ್ಲಿ ಗೆರೆ ಎಳೆದದ್ದನ್ನು ಕಣ್ಣಾರೆ ನೋಡಿ ಬಂದೆ. ಆದೇಶ ತಾನಾಗಿ ಠಾಣೆ ಸೇರುತ್ತದೆ ಎಂದು ಕಾಯಬೇಡಿ. ವಿನಾಯಿತಿ ಬದಲು ಲೈಸೆನ್ಸ್ ಇದ್ದವರು ಅರ್ಜಿಯಲ್ಲಿ ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತಿನ) ನಂಬರನ್ನೂ ಬರೆಯಿರಿ, ಕಂಪ್ಯೂಟರ್ ಪಟ್ಟಿಯಲ್ಲಿ ಹುಡುಕುವುದು ಅದರಿಂದಲೇ.

ಖರ್ಚು ಒಟ್ಟು ಹನ್ನೆರಡು ಸಾವಿರದ ಆಸುಪಾಸು, ಪೆಟ್ರೋಲೇ ಮೂರು ನಾಲ್ಕು ಸಾವಿರ. ಕೆಲಸಕ್ಕೆ ಬಂದ ಕಾಗದಗಳ ಬೆಲೆ ಮುನ್ನೂರು ದಾಟಿಲ್ಲ. ಈಗ ಅಣ್ಣನೇ ತನ್ನ ಭಾವನ ಫೈಲ್ ತಂದು ನನ್ನ ಮುಂದೆ ಇಟ್ಟಿದ್ದಾನೆ. ಅದರಲ್ಲಿ ಉಳಿದ ತೋಟೆಗಳನ್ನು ಯಾರಿಗೆ ಕೊಟ್ಟರೆಂಬ ರಸೀದಿ ಇಲ್ಲ. ಕೋವಿ ಕೊಡುವ ದಿನವೇ ತೋಟೆ, ಮದ್ದು, ಕೇಪು ಎಲ್ಲದಕ್ಕೂ ಎಣಿಕೆ ಬರೆಸಿ ಬೇರೆ ರಸೀದಿ ತೆಗೆದುಕೊಳ್ಳಿ.