ಡೆಕ್ಕಿಗೆ ಹೊಳಪು ಯಾಕೆ ಬೇಡ

ಬಾಗಿಲು, ಕಿಟಕಿ, ಮೇಜಿಗೆ ಪಾಲಿಶ್ ಹೊಡೆದು ಕೈ ಪಳಗಿದವರಿಗೆ ಡೆಕ್ (ಮನೆಯ ಹೊರಗೆ ಮರದ ಹಲಗೆ ಹಾಸಿದ ತೆರೆದ ಜಗುಲಿ) ಕೆಲಸ ಮೊದಮೊದಲು ತಲೆಕೆಳಗು ಅನ್ನಿಸುತ್ತದೆ. ಮನೆಯೊಳಗೆ ಹೊಳಪು ಬಂದಷ್ಟೂ ಗಿರಾಕಿಗೆ ಖುಷಿ. ಹೊರಗೆ ಮಳೆ ಬಿಸಿಲಿಗೆ ಬಿದ್ದಿರುವ ಹಲಗೆಗೆ ಅದೇ ಹೊಳಪು ಕೊಟ್ಟರೆ ಒಂದು ಮಳೆಗಾಲದಲ್ಲಿ ಎದ್ದು ಬರುತ್ತದೆ.

ನಾನು ಕೆಲಸ ಮಾಡುವುದು ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗಳಲ್ಲಿ. ಅಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಮರ ಸರಿಯಾಗಿ ಒಣಗುವುದಿಲ್ಲ. ಅಂಥ ಜಾಗದಲ್ಲಿ ನೀರು ಮರದೊಳಗೆ ಹೋಗದ ಹಾಗೆ ತಡೆಯುತ್ತೇನೆ ಅಂತ ಹೊರಟರೆ ಸೋಲು ಗ್ಯಾರಂಟಿ. ಸ್ಕ್ರೂ ತೂತಿನಲ್ಲಿ, ಹಲಗೆಯ ತುದಿಯಲ್ಲಿ, ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಹೋಗಿಯೇ ಹೋಗುತ್ತದೆ. ಹೋದ ನೀರು ಬೇಗ ಆರಿ ಹೊರಗೆ ಬರಬೇಕು. ನಾನು ಮಾಡುವ ಕೆಲಸವೆಲ್ಲ ಇದೊಂದರ ಸುತ್ತಲೇ.

ಕೊಟ್ಟಿಗೆಹಾರದ ಹತ್ತಿರ ಕಾಫಿ ತೋಟದ ಮನೆಯೊಂದರ ಡೆಕ್ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಸುಮಾರು 400 ಚದರ ಅಡಿ. ಹಲಗೆ ಹೊನ್ನೆ ಮತ್ತು ಮತ್ತಿ, ರೇಲಿಂಗ್ ಮಾತ್ರ ತೋಟದ್ದೇ ಸಿಲ್ವರ್ ಓಕ್. ಹಿಂದೆ ಯಾರೋ ಅದಕ್ಕೆ ಪಾರದರ್ಶಕ ಪಿಯು (ಪಾಲಿಯುರೆಥೇನ್, ಮೇಲೆ ಪದರ ಕಟ್ಟುವ ಹೊಳಪಿನ ವಾರ್ನಿಶ್) ಹೊಡೆದಿದ್ದರು. ನಾನು ನೋಡುವ ಹೊತ್ತಿಗೆ ಅದು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು, ಅಡಿಯಲ್ಲಿ ಮರ ಕಪ್ಪಾಗಿತ್ತು. ಬಿಸಿಲು ನೇರ ಬೀಳುವ ಕಡೆ ಹಲಗೆ ಬೂದಿ ಬಣ್ಣ, ಹಲಸಿನ ಮರದ ನೆರಳಿನಲ್ಲಿ ಹಸಿರು ಪಾಚಿ.

"ಹೊಸ ಮೇಜಿನ ಹಾಗೆ ಫಳಫಳ ಅನ್ಬೇಕು ಮಾರಾಯ" ಅಂದರು ಯಜಮಾನರು.

"ಗೌಡ್ರೇ, ಫಳಫಳ ಅಂದಿದ್ದೇ ಹೀಗೆ ಎದ್ದಿರೋದು" ಅಂದೆ. ಉಗುರಿನಿಂದ ಒಂದು ಸಿಪ್ಪೆ ಎಬ್ಬಿಸಿ ಕೆಳಗಿನ ತೇವ ತೋರಿಸಿದೆ. ಬಾಯಲ್ಲಿ ಹೇಳುವುದಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಬಿಸಿಲಿನ ಅತಿನೇರಳೆ ಕಿರಣ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟನ್ನು ಒಡೆಯುತ್ತದೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವುದು ಸಡಿಲವಾದ ನಾರು, ಅದೇ ಆ ಬೂದಿ ಬಣ್ಣ. ಅದರ ಮೇಲೆ ಎಷ್ಟೇ ದುಬಾರಿ ಡಬ್ಬಿ ಸುರಿದರೂ ಬಣ್ಣ ಕಚ್ಚುವುದು ಆ ಸಡಿಲ ನಾರಿಗೆ, ಮರಕ್ಕಲ್ಲ. ಪಾರದರ್ಶಕ ಪಿಯುವಿನ ಕಥೆ ಇನ್ನೂ ಕಷ್ಟ. ಬಿಸಿಲು ಅದನ್ನು ದಾಟಿ ಮರಕ್ಕೇ ಬೀಳುತ್ತದೆ. ಅಡಿಯಲ್ಲಿ ಹಿಡಿತ ತಪ್ಪುತ್ತದೆ, ಸಿಪ್ಪೆ ಏಳುತ್ತದೆ, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ.

ಹಾಗಾಗಿ ಮೊದಲು ಬಿಚ್ಚುವ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಪ್ರತಿ ಹಲಗೆಯ ತುದಿ, ತೊಲೆಯ ಮೇಲೆ ಕೂರುವ ಜಾಗ ಚುಚ್ಚಿ ನೋಡಿದೆವು. ಮೆತ್ತಗಿದ್ದರೆ ಕೊಳೆತಿದೆ ಅಂತಲೇ ಅರ್ಥ. ಕೊಳೆತವನ್ನು ತೆಗೆಸಿದೆ. ಮೇಲ್ಮೈ ಮಾತ್ರ ಹಾಳಾಗಿದ್ದ ಹಲಗೆಗಳನ್ನು ಸುಮ್ನೆ ಮಗುಚಿ ಹಾಕಿದೆವು. ಅಡಿಭಾಗ ಬಿಸಿಲನ್ನೇ ನೋಡಿರುವುದಿಲ್ಲ, ಎಷ್ಟೋ ಸಲ ಹೊಸದರ ಹಾಗೇ ಇರುತ್ತದೆ. ಹಲಗೆ ಎದ್ದಿರುವಾಗಲೇ ತೊಲೆಗಳ ನೆತ್ತಿಗೆ ಬಿಟುಮೆನ್ ಟೇಪ್ ಅಂಟಿಸಿಬಿಡಬೇಕು, ಆಮೇಲೆ ಕೈ ಹೋಗುವುದಿಲ್ಲ. ಮತ್ತೆ ಕೂರಿಸುವಾಗ ಹಲಗೆ ಹಲಗೆಯ ನಡುವೆ 5-6 ಮಿಲಿಮೀಟರ್ ಸಂದು ಬಿಟ್ಟೆವು. ಮೊದಲು ಒತ್ತಾಗಿ ಕೂರಿಸಿದ್ದರು, ಎಲೆ ಸಿಕ್ಕಿಕೊಂಡು ಗೊಬ್ಬರವೇ ಆಗಿತ್ತು.

ಕಬ್ಬಿಣದ ಮೊಳೆ ಎಲ್ಲವನ್ನೂ ಕಿತ್ತು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿದೆ. ಮೊಳೆಯ ಸುತ್ತ ಕಪ್ಪು ಕಲೆ ಇರುತ್ತದಲ್ಲ, ಅದು ಬರೀ ತುಕ್ಕಲ್ಲ. ಕಬ್ಬಿಣ ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನೂ ಇದೇ ಎರಡರಿಂದ ಮಾಡುತ್ತಿದ್ದರು. ಮೊಳೆ ಬಿಟ್ಟು ಕಲೆ ಮಾತ್ರ ತೆಗೆದರೆ ಮುಂದಿನ ಮಳೆಗೆ ಅದು ವಾಪಸ್.

ಪಿಯು ತೆಗೆಯಲು ಪೇಂಟ್ ರಿಮೂವರ್ ಮತ್ತು ಸ್ಕ್ರೇಪರ್. ಬೇಜಾರಿನ ಕೆಲಸ, ಅಡ್ಡದಾರಿ ಇಲ್ಲ. ಆಮೇಲೆ ಪಾಚಿ ತೊಳೆದೆವು. ಪ್ರೆಷರ್ ವಾಷರ್ ಇದ್ದರೆ ಹುಡುಗರಿಗೆ ಆಟ. ಹತ್ತಿರ ಹಿಡಿದು ಹೊಡೆದರೆ ಮರ ಕಿತ್ತು ಬರುತ್ತದೆ, ಗೀಟು ಬೀಳುತ್ತದೆ. ಒತ್ತಡ 70-80 ಬಾರ್ ದಾಟಬಾರದು, ಒಂದಡಿ ದೂರ, ಬೀಸಣಿಗೆಯಂತೆ ಹರಡುವ ನಾಜಲ್, ಮರದ ಎಳೆಯ ಉದ್ದಕ್ಕೇ ಹೋಗಬೇಕು. ಎಲ್ಲಕ್ಕಿಂತ ನನಗೆ ಗಟ್ಟಿ ನೈಲಾನ್ ಬ್ರಷ್ಷೇ ಇಷ್ಟ. ತಂತಿ ಬ್ರಷ್ ಮಾತ್ರ ಬೇಡ, ಅದರ ಚೂರು ಮರದಲ್ಲಿ ಉಳಿದು ಮತ್ತೆ ಕಪ್ಪು ಚುಕ್ಕೆ ಮಾಡುತ್ತದೆ.

ಹೊನ್ನೆ ಹಲಗೆ ತೊಳೆಯುವಾಗ ನೀರು ಹಳದಿಯಾಗಿ ಇಳಿಯುತ್ತದೆ. ಹೊಸ ಹುಡುಗರು ಮರ ಹಾಳಾಯ್ತು ಅಂತ ಹೆದರುತ್ತಾರೆ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಾರಲ್ಲ, ಆ ಲೋಟದಲ್ಲಿ ಬಿಡುವುದೂ ಇದೇ ಬಣ್ಣ. ಮರಕ್ಕೆ ಏನೂ ಆಗುವುದಿಲ್ಲ, ಆದರೆ ಕೆಳಗೆ ಬಿಳಿ ಗೋಡೆ ಇದ್ದರೆ ಮೊದಲೇ ಪ್ಲಾಸ್ಟಿಕ್ ಹಾಳೆ ಕಟ್ಟಿಬಿಡಿ.

ಬೂದಿ ಬಣ್ಣಕ್ಕೂ ಕಪ್ಪು ಕಲೆಗೂ ಆಕ್ಸಾಲಿಕ್ ಆಸಿಡ್ ಬಳಸುತ್ತೇನೆ. ಒಂದು ಲೀಟರ್ ಬಿಸಿನೀರಿಗೆ 30ರಿಂದ 50 ಗ್ರಾಂ ಪುಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಹಚ್ಚಿ ಕಾಲು ಗಂಟೆ ಬಿಟ್ಟರೆ ಮರದ ಸ್ವಂತ ಬಣ್ಣ ಎದ್ದು ಬರುತ್ತದೆ. ಗೌಡ್ರು ಕುರ್ಚಿ ಬಿಟ್ಟು ಎದ್ದು ಬಂದು ನೋಡಿದ್ದು ಆಗಲೇ. ಇದು ವಿಷ, ನೆನಪಿರಲಿ. ರಬ್ಬರ್ ಗ್ಲೌಸ್, ಕನ್ನಡಕ, ಪುಡಿ ಕಲಸುವಾಗ ಮಾಸ್ಕ್ ಬೇಕೇ ಬೇಕು. ನಾಯಿ, ಮಕ್ಕಳು ಹತ್ತಿರ ಬರಬಾರದು. ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಒಂದೇ ಬಕೆಟ್ ಎರಡಕ್ಕೂ ಬಳಸಬೇಡಿ. ಕೊನೆಗೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ಇಲ್ಲಿಂದ ಮುಂದೆ ಕಾಯುವ ಕೆಲಸ. ಗಿರಾಕಿ ಅವಸರ ಮಾಡುವುದೂ ಇಲ್ಲೇ. ಎರಡು ಸೂಜಿಯ ತೇವಾಂಶ ಮೀಟರ್ ಇಟ್ಟುಕೊಂಡಿದ್ದೇನೆ. ಬಿಸಿಲಿನ ಜಾಗದಲ್ಲಿ ನೋಡಿ ಸಮಾಧಾನ ಪಡಬಾರದು, ನೆರಳಿನ ಮೂಲೆಯಲ್ಲಿ ಚುಚ್ಚಬೇಕು. ಅಲ್ಲಿ 15 ಪರ್ಸೆಂಟ್‌ಗಿಂತ ಕೆಳಗೆ ಬರುವವರೆಗೆ ನಾನು ಡಬ್ಬಿ ತೆರೆಯುವುದಿಲ್ಲ. ಮಲೆನಾಡಿನಲ್ಲಿ ಇದು ಸಾಧ್ಯವಾಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆಗಲೇ ಕಾಫಿ ಕುಯ್ಲು, ಕೈಯಾಳು ಸಿಗುವುದಿಲ್ಲ. ಆಗಲೇ ರಜೆಯ ಅತಿಥಿಗಳು, ರೂಮು ಖಾಲಿ ಇರುವುದಿಲ್ಲ. ಮಾರ್ಚ್ ಹೊತ್ತಿಗೆ ಹೂವಿನ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ತೋಟದವರು ಆ ಮಳೆಗೆ ಕಾಯುತ್ತಾರೆ, ನಾನು ಅದು ಬರುವ ಮೊದಲು ಮುಗಿಸಲು ಓಡುತ್ತೇನೆ.

ಒಣಗಿದ ಮೇಲೆ ಉಜ್ಜುವುದು. ತೊಳೆಯುವ ಮೊದಲು ಉಜ್ಜಿ ಪ್ರಯೋಜನವಿಲ್ಲ, ನೀರಿಗೆ ನಾರು ಮತ್ತೆ ಎದ್ದೇಳುತ್ತದೆ. 60 ನಂಬರ್ ಉಪ್ಪು ಕಾಗದ, ಆಮೇಲೆ 80. ನೆಲಕ್ಕೆ ಅಲ್ಲಿಗೇ ನಿಲ್ಲಿಸಬೇಕು. ಬಾಗಿಲಿನ ಅಭ್ಯಾಸದಲ್ಲಿ 220ರ ನುಣುಪಿನವರೆಗೆ ಹೋದರೆ ಮರ ಎಣ್ಣೆ ಕುಡಿಯುವುದೇ ಇಲ್ಲ, ಕಾಲೂ ಜಾರುತ್ತದೆ. ಕೈ ಇಡುವ ರೇಲಿಂಗ್‌ಗೆ 120 ಸಾಕು. ಮುಗಿದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತೇನೆ. ಒಂದು ನಿಮಿಷದೊಳಗೆ ಇಂಗಿದರೆ ಸರಿ. ಮಣಿಯಾಗಿ ನಿಂತರೆ ಹಳೇ ಪಿಯು ಇನ್ನೂ ಇದೆ, ಆ ಜಾಗ ಮತ್ತೆ ಉಜ್ಜಬೇಕು.

ಹಚ್ಚಿದ್ದು ಎಣ್ಣೆ ಆಧಾರದ, ಮರದೊಳಗೆ ಇಳಿಯುವ, ಅರೆ ಪಾರದರ್ಶಕ ಬಣ್ಣ, ಸ್ಟೇನ್ ಅಂತಾರೆ. ಅದರಲ್ಲಿರುವ ಬಣ್ಣದ ಪುಡಿಯೇ ಬಿಸಿಲು ತಡೆಯುವುದು. ಮೇಲೆ ಪದರ ಕಟ್ಟುವುದಿಲ್ಲ, ಹಾಗಾಗಿ ಸಿಪ್ಪೆ ಏಳುವ ಪ್ರಶ್ನೆಯೂ ಇಲ್ಲ. ಎಲ್ಲ ಡಬ್ಬಿಗಳನ್ನು ಒಂದೇ ದೊಡ್ಡ ಬಕೆಟ್‌ಗೆ ಸುರಿದು ತಳದಿಂದ ಕಲಕಿಕೊಂಡೆವು, ಇಲ್ಲದಿದ್ದರೆ ಡಬ್ಬಿಗೊಂದು ಬಣ್ಣ ಆಗುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು, ಮಧ್ಯಾಹ್ನ ಮೂರಕ್ಕೆ ಬಂದ್. ನಡುವೆ ಬಿಸಿಲು ಸುಡುವಷ್ಟಿದ್ದರೆ ನೆರಳಿನ ಭಾಗ. ಎರಡು ಮೂರು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಲ ಮುಗಿಸಬೇಕು, ನಡುವೆ ಚಹಾಕ್ಕೆ ಎದ್ದರೆ ಗೆರೆ ಉಳಿಯುತ್ತದೆ. ಹಲಗೆಯ ತುದಿಗೆ ಕುಡಿದಷ್ಟೂ ಕುಡಿಸಬೇಕು, ಮರ ಅತಿ ಜಾಸ್ತಿ ನೀರು ಎಳೆಯುವುದು ಅಲ್ಲಿಂದಲೇ. 15-20 ನಿಮಿಷದ ಮೇಲೆ ಇಂಗದೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. "ದುಡ್ಡು ಕೊಟ್ಟ ಮಾಲು, ಯಾಕೆ ಒರೆಸ್ತೀಯ?" ಅಂತ ಎಲ್ಲರೂ ಕೇಳುತ್ತಾರೆ. ಬಿಟ್ಟರೆ ವಾರಗಟ್ಟಲೆ ಅಂಟಂಟು.

ಆ ಒರೆಸಿದ ಬಟ್ಟೆಯ ಬಗ್ಗೆ ಹುಡುಗರಿಗೆ ಪ್ರತಿ ಸಲ ಹೇಳುತ್ತೇನೆ. ಒಣಗುವ ಎಣ್ಣೆ ತಾಗಿದ ಬಟ್ಟೆಯನ್ನು ಮುದುರಿ ಗುಡ್ಡೆ ಹಾಕಿದರೆ ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಕಿಲ್ಲ. ನೀರು ತುಂಬಿದ ಬಕೆಟ್‌ಗೆ ಹಾಕಿ, ಇಲ್ಲವೇ ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ.

ತೋಟದ ಕಡೆ ಗಾಡಿಯ ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ಇದೆ. ಬೇಲಿ ಗೂಟಕ್ಕೆ ಏನಾದರೂ ಮಾಡಿಕೊಳ್ಳಲಿ, ಬರಿಗಾಲಲ್ಲಿ ಓಡಾಡುವ ಡೆಕ್ಕಿಗೆ ಅದು ಬೇಡವೇ ಬೇಡ. ಒಮ್ಮೆ ಹಚ್ಚಿದರೆ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಬರೀ ಅಗಸೆ ಎಣ್ಣೆಯೂ ನಮ್ಮ ಮಳೆಗೆ ಹೊಂದುವುದಿಲ್ಲ, ಬೂಷ್ಟಿಗೆ ಅದೇ ಊಟ.

ಲೆಕ್ಕ ಕೇಳುವವರಿಗೆ: ಹೀಗೆ ಒರಟಾದ ಹಳೇ ಮರ ಲೀಟರ್‌ಗೆ 40ರಿಂದ 60 ಚದರ ಅಡಿಯಷ್ಟೇ ಕೊಡುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ನುಣುಪಾದ ಮರದ ಲೆಕ್ಕ. ನಾನು ತೊಳೆದು ಉಜ್ಜುವ ಕೂಲಿಯನ್ನು ಬೇರೆ ಬರೆಯುತ್ತೇನೆ, ಹಚ್ಚುವ ಕೂಲಿಯನ್ನು ಬೇರೆ. ಮೊದಲನೆಯದೇ ದೊಡ್ಡ ಮೊತ್ತ. ಮುಂದಿನ ಸಲ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ, ಯಾಕೆಂದರೆ ಕೆರೆಯಲು ಪದರವೇ ಇರುವುದಿಲ್ಲ. ತೊಳೆದು, ಒಣಗಿಸಿ, ಮತ್ತೊಂದು ಕೈ ಹಚ್ಚಿದರೆ ಆಯಿತು. ನೆಲಕ್ಕೆ ಒಂದೆರಡು ವರ್ಷಕ್ಕೊಮ್ಮೆ ಬೇಕಾಗುತ್ತದೆ. ಸಿಲ್ವರ್ ಓಕ್ ರೇಲಿಂಗ್ ಹೊರಗಿನ ಮಳೆಗೆ ಬಾಳುವ ಮರವಲ್ಲ. ಅದನ್ನು ಬದಲಿಸಿ ಅಂತ ಬಿಲ್ಲಿನ ಕೆಳಗೆ ಬರೆದುಕೊಟ್ಟೆ.

ಮಳೆಗಾಲ ಕಳೆದು ಗೌಡ್ರು ಫೋನ್ ಮಾಡಿದರು. ಬಿಸಿಲಿನ ಕಡೆ ಬಣ್ಣ ಸ್ವಲ್ಪ ಇಳಿದಿದೆ ಅಂದರು. ಸಿಪ್ಪೆ ಎದ್ದಿದೆಯಾ ಕೇಳಿದೆ, ಇಲ್ಲ ಅಂದರು. ನೀರು ಚಿಮುಕಿಸಿ ನೋಡಲು ಹೇಳಿದೆ. ಸ್ಟೇನ್ ಹಚ್ಚಿದ ಮೇಲೆ ನೀರು ಇಂಗಿದರೆ ಅದು ಸವೆದಿದೆ ಅಂತ ಅರ್ಥ. ಆ ಭಾಗದಲ್ಲಿ ಇಂಗುತ್ತಿದೆ, ಉಳಿದ ಕಡೆ ಮಣಿಯಾಗಿ ನಿಲ್ಲುತ್ತಿದೆ ಅಂದರು. ಹಾಗಾದರೆ ಆ ಏಳೆಂಟು ಹಲಗೆಗೆ ಮಾತ್ರ ಡಿಸೆಂಬರ್‌ನಲ್ಲಿ ಬರುತ್ತೇನೆ, ಇಡೀ ಡೆಕ್ಕಿಗೆ ದುಡ್ಡು ಹಾಕಬೇಡಿ ಅಂದೆ.