ಲಾರಿ ಚಕ್ರದ ನಟ್ ಸಡಿಲವಾದರೆ ತೋರಿಸುವ ಬಾಣ: ಮನೆಯಲ್ಲಿ ಮಾಡಿದರೆ ಪರೀಕ್ಷೆ ಹೇಗೆ?

ಪುಣೆ ಹತ್ತಿರದ ನಿಗಡಿ ಟ್ರಾನ್ಸ್‌ಪೋರ್ಟ್ ನಗರಿಯಲ್ಲೋ ನವಿ ಮುಂಬೈನ ಕಳಂಬೋಲಿಯಲ್ಲೋ ಗಾಡಿ ನಿಲ್ಲಿಸುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಡ್ರೈವರ್‌ಗಳು ಹಳದಿ ಪ್ಲಾಸ್ಟಿಕ್ ಬಾಣಗಳನ್ನು ನೋಡಿರುತ್ತಾರೆ. ಅಕ್ಕಪಕ್ಕದ ಎರಡು ನಟ್‌ಗಳಿಗೆ ತುದಿ ಎದುರುಬದುರಾಗಿ ಕೂರಿಸುತ್ತಾರೆ. ನಟ್ ತಿರುಗಿದರೆ ತುದಿಗಳ ಜೋಡಿ ತಪ್ಪುತ್ತದೆ. ಇದನ್ನು ಎಣ್ಣೆ ಕ್ಯಾನಿನ ಪ್ಲಾಸ್ಟಿಕ್‌ನಿಂದ ನಾವೇ ಮಾಡಬಹುದು. ಆದರೆ ಪರೀಕ್ಷೆ ಮಾಡದೆ ಹಾಕಲೇಬೇಡಿ. ತಾನಾಗಿ ಜಾರುವ ಬಾಣ ಸುಮ್ನೆ ಗಾಬರಿ ಹುಟ್ಟಿಸುತ್ತದೆ, ನಾಲ್ಕು ದಿನಕ್ಕೆ ಡ್ರೈವರ್ ಅದನ್ನು ನೋಡುವುದನ್ನೇ ಬಿಡುತ್ತಾನೆ.

ಅಳತೆ ಮತ್ತು ರಂಧ್ರ

ಒಂದು ನಟ್‌ನ ನಡುವಿನಿಂದ ಪಕ್ಕದ ನಟ್‌ನ ನಡುವಿನವರೆಗೆ ಅಳೆಯಿರಿ. ಹತ್ತು ನಟ್ ಇದ್ದು, ಅವು ಕೂತ ವೃತ್ತದ ವ್ಯಾಸ 335 ಮಿ.ಮೀ. ಆಗಿದ್ದರೆ ಈ ಅಂತರ ಸುಮಾರು 103 ಮಿ.ಮೀ. ಬಾಣದ ತುದಿ ನಟ್‌ನ ನಡುವಿನಿಂದ 50 ಮಿ.ಮೀ. ಒಳಗೇ ಇರಲಿ, ಜಾಸ್ತಿಯಾದರೆ ಒಂದಕ್ಕೊಂದು ತಾಗುತ್ತವೆ.

ಆರು ಮೂಲೆಯ ರಂಧ್ರ ಕೊರೆದರೆ ಬಾಣವನ್ನು 60 ಡಿಗ್ರಿಗೊಮ್ಮೆ ಮಾತ್ರ ಕೂರಿಸಲು ಬರುತ್ತದೆ, ತುದಿಗಳು ಎದುರುಬದುರು ಬರುವುದು ಕಷ್ಟ. ಅದಕ್ಕೆ ಪ್ಲಾಸ್ಟಿಕ್ ಮೇಲೆ ನಟ್‌ನ ಆಕಾರವನ್ನು ಒಮ್ಮೆ ಬರೆದು, 30 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಬರೆಯಿರಿ. ಎರಡೂ ಸೇರಿದ ಹನ್ನೆರಡು ಮೂಲೆಯ ರಂಧ್ರ ಕತ್ತರಿಸಿ. ಗೆರೆಯ ಒಳಗೇ ಕತ್ತರಿಸಿ, ಬಿಗಿಯಾಗಿ ಕೂರಬೇಕು. ಪ್ಲಾಸ್ಟಿಕ್ ತೆಳುವಾಗಿದ್ದರೆ ಎರಡು ತುಂಡು ಸೇರಿಸಿ ರಿವಿಟ್ ಹೊಡೆಯಿರಿ. ಕೆಲವು ನಟ್‌ಗಳಲ್ಲಿ ವಾಷರ್ ಬೇರೆಯಾಗಿ ತಿರುಗುತ್ತದೆ. ಬಾಣ ನಟ್‌ನ ಮೇಲೆ ಕೂರಬೇಕು, ವಾಷರ್ ಮೇಲಲ್ಲ.

ಬಿಸಿಯ ಪರೀಕ್ಷೆ

ಬಾಣ ಬ್ರೇಕಿನ ಬಿಸಿ ತಾಳುತ್ತದೋ ನೋಡಲು ಅದನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಪುಣೆಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಮೆತ್ತಗಾಗಿ ಬಾಗಿದರೆ ಬಿಸಾಡಿ. ತಂಪು ಪಾನೀಯದ ಬಾಟಲಿ ಇಲ್ಲೇ ಸೋಲುತ್ತದೆ. ಕ್ಯಾನಿನ ಗಟ್ಟಿ ಪಾಲಿಥೀನ್ ಕರಗುವುದು ಸುಮಾರು 130 ಡಿಗ್ರಿಗೆ. ಖಂಡಾಳಾ ಘಾಟ್ ಇಳಿದ ಮೇಲೆ ಒಂದೇ ಚಕ್ರದ ಬಾಣಗಳು ಕರಗಿದ್ದರೆ ಬಾಣವನ್ನು ಬೈಯಬೇಡಿ. ಬ್ರೇಕ್ ಹಿಡಿದುಕೊಂಡಿದೆಯೋ ಬೇರಿಂಗ್ ಹೋಗಿದೆಯೋ ತಕ್ಷಣ ತೋರಿಸಿ.

ಗಾಡಿಯ ಮೇಲೆ

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಕಂಪನಿ ಪುಸ್ತಕದಲ್ಲಿ ಕೊಟ್ಟಷ್ಟೇ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಟಾರ್ಕ್ ರೆಂಚ್‌ನಿಂದ ನಟ್ ಬಿಗಿ ಮಾಡಿ. ನಟ್‌ನಿಂದ ಚಕ್ರದ ಡಿಸ್ಕ್‌ವರೆಗೆ (ನಟ್ ಒತ್ತಿ ಹಿಡಿಯುವ ತಟ್ಟೆ) ಪೇಂಟ್‌ನಲ್ಲಿ ಒಂದು ಗೆರೆ ಎಳೆದು, ಒಣಗಿದ ಮೇಲೆ ಬಾಣ ಹಾಕಿ. ಪ್ರತಿ ನಿಲುಗಡೆಯಲ್ಲಿ ಎರಡನ್ನೂ ನೋಡಿ. ಬಾಣ ಸರಿದು ಗೆರೆ ನೇರವಾಗಿದ್ದರೆ ಬಾಣವೇ ಜಾರಿದೆ, ರಂಧ್ರ ಸಡಿಲ. ಎರಡೂ ಸರಿದಿದ್ದರೆ ನಟ್ ತಿರುಗಿದೆ, ಗಾಡಿ ಅಲ್ಲೇ ನಿಲ್ಲಬೇಕು. ಸರ್ವಿಸ್ ಸ್ಟೇಷನ್ನಿನ ನೀರಿನ ಪೈಪ್ ಜೋರಾಗಿ ಹೊಡೆಸಿಯೂ ನೋಡಿ.

ಕಣ್ಣಿಗೆ ಕಾಣುತ್ತದೋ ಎಂದೂ ತಿಳಿಯಬೇಕು, ಅಲ್ವಾ? ನಿಂತ ಗಾಡಿಯಲ್ಲಿ, ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಒಂದು ನಟ್ಟನ್ನು ಸ್ವಲ್ಪವೇ ಸಡಿಲಿಸಿ. ಯಾವುದೆಂದು ಹೇಳದೆ ಕ್ಲೀನರ್‌ಗೆ ರಾತ್ರಿ ಟಾರ್ಚ್ ಕೊಟ್ಟು ಹುಡುಕಲು ಹೇಳಿ. ಆಮೇಲೆ ಆ ಚಕ್ರದ ಎಲ್ಲ ನಟ್‌ಗಳ ಟಾರ್ಕ್ ಮತ್ತೆ ನೋಡಿ. ಸಡಿಲ ನಟ್‌ನೊಂದಿಗೆ ಒಂದು ಗಜವೂ ಓಡಿಸಬೇಡಿ.

ಬಾಣಕ್ಕೆ ಗೊತ್ತಾಗದ್ದು

ಡಿಸ್ಕ್ ಮತ್ತು ಅದು ಕೂರುವ ಹಬ್ ನಡುವೆ ತುಕ್ಕು, ಮಣ್ಣು, ದಪ್ಪ ಪೇಂಟ್ ಸಿಕ್ಕಿದ್ದರೆ ಅದು ಸವೆದಂತೆ ಬಿಗಿ ಕಡಿಮೆಯಾಗುತ್ತದೆ, ನಟ್ ತಿರುಗಿರುವುದೇ ಇಲ್ಲ. ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್, ಎಳೆದು ಉದ್ದವಾದರೂ ಹಾಗೆಯೇ. ಬಾಣ ನೇರವಾಗಿಯೇ ಇರುತ್ತದೆ. ಅದಕ್ಕೆ ನಟ್ ಸುತ್ತ ತುಕ್ಕಿನ ಗೆರೆ ಇಳಿದಿದೆಯೇ, ಡಿಸ್ಕ್‌ನ ರಂಧ್ರ ಅಗಲವಾಗಿದೆಯೇ, ಬಿರುಕಿದೆಯೇ ನೋಡುತ್ತಿರಿ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ಮತ್ತೆ ನೋಡಿ, ಆಮೇಲೆ ಬಾಣಗಳನ್ನು ಹೊಸದಾಗಿ ಜೋಡಿಸಿ.